ಘಾಟಿ ಹತ್ತುವಾಗ ಮಾರುತಿ 800 ಮಿಸ್ ಹೊಡೆಯುತ್ತದೆ: ತಪ್ಪು ಕರೆಂಟಿನದಾ, ಪೆಟ್ರೋಲಿನದಾ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮಸ್ಕಾರ ಅಣ್ಣ. ನಮ್ಮ ಮನೆಯಲ್ಲಿ ಅಪ್ಪಯ್ಯ ಓಡಿಸುತ್ತಿದ್ದ ಮಾರುತಿ 800 ಇದೆ. 1996ರದ್ದು, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ. ಅಪ್ಪಯ್ಯ ಹೋದ ಮೇಲೆ ಐದು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ನಾನು ಓಡಿಸುತ್ತಿದ್ದೇನೆ.

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ಚೆನ್ನಾಗಿದೆ. ಊರೊಳಗೆ ತೊಂದರೆಯೇ ಇಲ್ಲ. ಆದರೆ ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕಲ್ಲ, ಐದಾರು ತಿರುವು ಕಳೆಯುವಷ್ಟರಲ್ಲಿ ಪಿಕಪ್ ಹೋಗುತ್ತದೆ. ಗಾಡಿ ಜಗ್ಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಮಿಸ್ (ಎಂಜಿನ್ ಬಿಟ್ಟು ಬಿಟ್ಟು ಉರಿಯುವುದು) ಜಾಸ್ತಿ. ಕೊನೆಗೆ ನಿಂತೇ ಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಇಲ್ಲಿ ಒಂದು ಗ್ಯಾರೇಜಿನಲ್ಲಿ ಪ್ಲಗ್, ಪ್ಲಗ್ ವೈರ್, ಪ್ಲಗ್‌ನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಮೂರೂ ಹೊಸದು ಹಾಕಿದರು. ಏನೂ ಬದಲಾಗಲಿಲ್ಲ. ಈಗ ಕಾರ್ಬೊರೇಟರೇ ಬದಲಿಸಬೇಕು ಅನ್ನುತ್ತಿದ್ದಾರೆ. ಹಾಕಿಸಲಾ? ಮನೆಯಲ್ಲಿ ಗುಜರಿಗೆ ಕೊಡು ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ)

ಗುಜರಿಗೆ ಕೊಡಬೇಡಿ, ಕಾರ್ಬೊರೇಟರಿಗೂ ಸದ್ಯಕ್ಕೆ ದುಡ್ಡು ಹಾಕಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಮಿಸ್ ಹೊಡೆಯುತ್ತದೆ ಅಂದ ಕೂಡಲೇ ಪ್ಲಗ್ ಬದಲಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲು ಕೇಳಬೇಕಾದ್ದು ಯಾವಾಗ ಮಿಸ್ ಹೊಡೆಯುತ್ತದೆ ಅಂತ.

ನಿಮ್ಮದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಒಂದು ಸಿಲಿಂಡರ್ ಸತ್ತರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತು. ನಿಂತಲ್ಲೇ ಗಾಡಿ ಗಡಗಡ ಅಲುಗುತ್ತದೆ, ಸ್ಟೀರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ. ಪ್ಲಗ್, ವೈರ್, ವಾಲ್ವ್‌ಗಳ ತಪ್ಪು ಹೆಚ್ಚಾಗಿ ಹೀಗೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಐಡ್ಲಿಂಗ್ ಚೆನ್ನಾಗಿದೆ. ಅಂದರೆ ಮೂರೂ ಸಿಲಿಂಡರ್ ಕೆಲಸ ಮಾಡುತ್ತಿವೆ.

ಐಡ್ಲಿಂಗಿನಲ್ಲಿ ಮಾತ್ರ ನಿಂತು, ರೇಸ್ ಕೊಟ್ಟರೆ ಸರಿಹೋಗುವ ಗಾಡಿಯ ಕಥೆ ಬೇರೆ. ಅದು ಸ್ಲೋ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿರುವುದೋ, ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್‌ನಲ್ಲಿ ಏರ್ ಎಳೆಯುವುದೋ ಇರುತ್ತದೆ. ಅದೂ ನಿಮ್ಮದಲ್ಲ.

ನಿಮ್ಮದು ಲೋಡ್ ಬಿದ್ದಾಗ ಮಾತ್ರ ಬರುತ್ತದೆ. ನಿಧಾನವಾಗಿ ಶುರುವಾಗುತ್ತದೆ, ಒತ್ತಿದಷ್ಟೂ ಜಾಸ್ತಿ, ಹತ್ತು ನಿಮಿಷ ಬಿಟ್ಟರೆ ಸರಿ. ಇದು ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಬರುವ ಮಿಸ್. ಕಾರ್ಬೊರೇಟರಿನ ಬೌಲ್‌ನಲ್ಲಿ ಸ್ವಲ್ಪ ಪೆಟ್ರೋಲ್ ಇರುತ್ತದಲ್ಲ, ಊರೊಳಗೆ ಅಷ್ಟು ಸಾಕು. ಘಾಟಿಯಲ್ಲಿ ಖರ್ಚು ಜಾಸ್ತಿ, ಬರುವುದು ಕಡಿಮೆ. ಬೌಲ್ ಖಾಲಿ. ಬಿಸಿಯಾದ ಕಾಯಿಲ್ ಕೂಡ ಹೀಗೆ ನಿಲ್ಲಿಸಿ, ತಣ್ಣಗಾದ ಮೇಲೆ ಬಿಡುವುದುಂಟು. ಆದರೆ ಅದು ಸ್ವಿಚ್ ಆಫ್ ಮಾಡಿದ ಹಾಗೆ ತಟ್ಟನೆ ನಿಲ್ಲಿಸುತ್ತದೆ. ನಿಮ್ಮಲ್ಲಿ ಕಾಯಿಲ್ ಹೊಸದಾದರೂ ತೊಂದರೆ ಹಾಗೇ ಇದೆ.

ಊಹೆಯ ಮೇಲೆ ಬಿಡುವುದು ಬೇಡ. ಮುಂದಿನ ಸಲ ನಿಂತಾಗ ಗಾಡಿಯನ್ನು ರಸ್ತೆ ಬದಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಇಗ್ನಿಷನ್ ಆಫ್ ಮಾಡಿ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬೊರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಕೇಬಲ್ ಕೈಯಿಂದ ಎಳೆಯಿರಿ. ಬೌಲ್‌ನಲ್ಲಿ ಪೆಟ್ರೋಲ್ ಇದ್ದರೆ ಸಣ್ಣ ಪಿಚಕಾರಿ ಹಾಗೆ ಒಳಗೆ ಚಿಮ್ಮಬೇಕು. ಚಿಮ್ಮದಿದ್ದರೆ ಬೌಲ್ ಒಣಗಿದೆ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿಯಾಡುವ ದಾರಿ ಕಟ್ಟಿದೆ ಅಂತ.

ಇನ್ನೊಂದು ವಿಷಯ ನೆನಪು ಮಾಡಿಕೊಂಡು ಹೇಳಿ. ಟ್ಯಾಂಕ್ ತುಂಬಾ ಪೆಟ್ರೋಲ್ ಇದ್ದ ದಿನ ಹೀಗಾಗಿದೆಯಾ?

ತೀರ್ಥಹಳ್ಳಿಯಿಂದ

ಅಣ್ಣ, ನಿನ್ನೆ ಹೋಗಿ ಬಂದೆ. ಏಳನೇ ತಿರುವಿನ ಹತ್ತಿರ ನಿಂತಿತು. ನೀವು ಹೇಳಿದ ಹಾಗೆ ಕೇಬಲ್ ಎಳೆದೆ. ಏನೂ ಚಿಮ್ಮಲಿಲ್ಲ, ಒಳಗೆ ಪೂರ್ತಿ ಒಣ. ಟ್ಯಾಂಕ್ ಮುಚ್ಚಳ ತೆಗೆದರೆ ಶಬ್ದ ಬರಲಿಲ್ಲ. ಮುಚ್ಚಳ ಸಡಿಲ ಬಿಟ್ಟು ಮುಂದೆ ಹೋದೆ, ಮತ್ತೆ ನಿಂತಿತು.

ನೀವು ಕೇಳಿದ್ದು ಸರಿ. ಕಳೆದ ತಿಂಗಳು ಫುಲ್ ಟ್ಯಾಂಕ್ ಮಾಡಿಸಿ ಹೋದಾಗ ಒಂದು ಸಲವೂ ನಿಲ್ಲದೆ ಮೇಲೆ ಬಂದಿದ್ದೆ. ಆವತ್ತು ಪ್ಲಗ್ ಹಾಕಿಸಿದ್ದಕ್ಕೆ ಸರಿಹೋಯಿತು ಅಂದುಕೊಂಡಿದ್ದೆ.

ಉತ್ತರ

ಒಳ್ಳೆ ಕೆಲಸ ಮಾಡಿದಿರಿ. ಈಗ ಪ್ಲಗ್, ಕಾಯಿಲ್, ಟ್ಯಾಂಕ್ ಮುಚ್ಚಳ ಎಲ್ಲ ಬಿಟ್ಟುಬಿಡಿ. ಪೆಟ್ರೋಲ್ ಕಾರ್ಬೊರೇಟರಿನವರೆಗೆ ಬರುತ್ತಿಲ್ಲ, ಅಷ್ಟೇ.

ಟ್ಯಾಂಕ್ ತುಂಬಿದ್ದಾಗ ಯಾಕೆ ಸರಿ ಇತ್ತು ಅಂದರೆ, ನಿಮ್ಮ ಗಾಡಿಯಲ್ಲಿ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಎಂಜಿನ್ ಮೇಲೆ. ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ರಬ್ಬರ್ ಡಯಾಫ್ರಮ್ ಮೇಲೆ ಕೆಳಗೆ ಆಡಿ, ಹಿಂದಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ನಾವು ಇದಕ್ಕೆ ಎಸಿ ಪಂಪ್ ಅನ್ನುತ್ತೇವೆ. ಘಾಟಿ ಹತ್ತುವಾಗ ಮೂತಿ ಮೇಲೆ, ಟ್ಯಾಂಕ್ ಕೆಳಗೆ. ಪಂಪ್ ಇನ್ನಷ್ಟು ಆಳದಿಂದ ಎತ್ತಬೇಕು. ಟ್ಯಾಂಕಿನಲ್ಲೂ ಕಡಿಮೆ ಇದ್ದರೆ ಇನ್ನೂ ಕಷ್ಟ. ಬಾವಿಯ ನೀರು ಇಳಿದಂತೆ ಮೋಟಾರ್ ಗಾಳಿ ಎಳೆಯುವುದಿಲ್ಲವಾ, ಹಾಗೆ.

ಹಾಗಾಗಿ ಉಳಿದಿರುವುದು ಮೂರು: ಪಂಪ್ ಸೋತಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಟ್ಯಾಂಕ್ ಮತ್ತು ಪಂಪ್ ನಡುವೆ ಎಲ್ಲೋ ಪೈಪ್ ಗಾಳಿ ಎಳೆಯುತ್ತಿದೆ. ನನಗೆ ಕೊನೆಯದರ ಮೇಲೇ ಅನುಮಾನ. ಈ ಕಡೆಯ ಪೈಪ್ ತೂತಾದರೆ ಓಡುವಾಗ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಕಲೆ ಇರುವುದಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ. ಬಯಲಲ್ಲಿ ಮಾಡಿ, ಶೆಡ್ಡಿನೊಳಗೆ ಬೇಡ. ಪಕ್ಕದಲ್ಲಿ ಬೀಡಿ ಸಿಗರೇಟ್ ಯಾರೂ ಇರಬಾರದು. ಬೆಂಕಿ ನಂದಿಸುವ ಸಿಲಿಂಡರ್ ಹತ್ತಿರ ಇಟ್ಟುಕೊಳ್ಳಿ. ಕಾಯಿಲ್‌ನ ಪ್ಲಸ್ ಕಡೆಯ ಸಣ್ಣ ವೈರ್ ಬಿಚ್ಚಿ, ಅದರ ತುದಿಗೆ ಟೇಪ್ ಸುತ್ತಿ ಬಾಡಿಗೆ ತಾಗದ ಹಾಗೆ ಇಡಿ. ಕರೆಂಟ್ ಬರಬಾರದು, ಇದನ್ನು ಮರೆಯಬೇಡಿ. ಆಮೇಲೆ ಕಾರ್ಬೊರೇಟರಿಗೆ ಬರುವ ಪೈಪ್ ಬಿಚ್ಚಿ ಒಂದು ಪಾರದರ್ಶಕ ಬಾಟಲಿಯೊಳಗೆ ಇಳಿಸಿ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಐದೈದು ಸೆಕೆಂಡ್, ನಡುವೆ ಬಿಟ್ಟು ಬಿಟ್ಟು.

ಪಂಪ್ ಚೆನ್ನಾಗಿದ್ದರೆ ಹಸುವಿನ ಹಾಲು ಕರೆದ ಹಾಗೆ ಚರ್ ಚರ್ ಅಂತ ಬಲವಾಗಿ ಬೀಳುತ್ತದೆ. ಸಣ್ಣಗೆ ಬಿದ್ದರೆ ಪಂಪೋ ಫಿಲ್ಟರೋ. ಗುಳ್ಳೆ ಗುಳ್ಳೆಯಾಗಿ ಉಗುಳುತ್ತಾ ಬಂದರೆ ಗಾಳಿ ಎಳೆಯುತ್ತಿದೆ.

ಹಾಗೇ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು, ಮಟ್ಟವೂ ಮೇಲೆ ಬಂದಿದ್ದರೆ ಪಂಪಿನ ಡಯಾಫ್ರಮ್ ಹರಿದಿರಬಹುದು. ಹಾಗಿದ್ದರೆ ಗಾಡಿ ಓಡಿಸಲೇಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ.

ಪ್ರಶ್ನೆ (ಮಡಿಕೇರಿಯಿಂದ)

ಸಾರ್, ನಮ್ಮದೂ ಹಳೇ 800. ನಮಗೆ ಘಾಟಿ ತೊಂದರೆ ಇಲ್ಲ. ಮಳೆಗಾಲದ ಬೆಳಿಗ್ಗೆ ಮಾತ್ರ ಎರಡೇ ಸಿಲಿಂಡರಿನಲ್ಲಿ ಓಡಿದ ಹಾಗೆ ಓಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸರಿ. ಇದೂ ಪೆಟ್ರೋಲಾ?

ಉತ್ತರ

ಇಲ್ಲ, ನಿಮ್ಮದು ಕರೆಂಟಿನದೇ. ಥಂಡಿ ಹಿಡಿದಿದೆ. ರಾತ್ರಿ ಕತ್ತಲಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್ ಮತ್ತು ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳದ ಮೇಲೆ ಮಂಜಿನ ಹಾಗೆ ಸ್ವಲ್ಪ ನೀರು ಹಾಯಿಸಿ. ಕೈ ತಾಗಿಸಬೇಡಿ. ಎಲ್ಲಿ ನೀಲಿ ಕಿಡಿ ಹರಿದಾಡುತ್ತದೋ ಅಲ್ಲಿ ಲೀಕ್ ಇದೆ.

ಡೆಲ್ಕೋ ಮುಚ್ಚಳ ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ. ಪೆನ್ಸಿಲಿನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಆ ಮುಚ್ಚಳ ಬದಲಿಸಲೇಬೇಕು. ಒರೆಸಿದರೆ ಹೋಗುವುದಿಲ್ಲ, ಕರೆಂಟು ಆ ಗೆರೆಯ ಮೇಲೇ ಹರಿಯುತ್ತದೆ. ವೈರ್ ಬಿಚ್ಚುವ ಮೊದಲು ಒಂದೊಂದಕ್ಕೂ ಗುರುತು ಹಾಕಿ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-2. ಎರಡು ವೈರ್ ಅದಲು ಬದಲಾದರೂ ಫಟ್ ಫಟ್ ಅಂತ ಹೊಡೆಯುತ್ತದೆ. ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 0.7ರಿಂದ 0.8 ಮಿಲಿಮೀಟರ್ ಇರಲಿ.

ಪ್ಲಗ್ ಬಿಚ್ಚಿದಾಗ ಅದರ ತುದಿಯನ್ನೂ ನೋಡಿ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ. ಒಂದೇ ಪ್ಲಗ್ ಒದ್ದೆಯಾಗಿದ್ದರೆ ಆ ಸಿಲಿಂಡರಿಗೆ ಕರೆಂಟ್ ಇಲ್ಲ.

ಪ್ರಶ್ನೆ (ಮೈಸೂರಿನಿಂದ)

ಈಗಿನ ಎಥೆನಾಲ್ ಪೆಟ್ರೋಲಿನಿಂದ ಹಳೇ ಗಾಡಿ ಹಾಳಾಗುತ್ತದೆ ಅನ್ನುತ್ತಾರಲ್ಲ, ನಿಜವಾ? ನನ್ನದು ಪ್ರೀಮಿಯರ್ ಪದ್ಮಿನಿ. ಬೇಸಿಗೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಹೊರಡುತ್ತದೆ.

ಉತ್ತರ

ನಿಮ್ಮದು ಪೆಟ್ರೋಲ್ ಆವಿಯಾಗಿ ಪಂಪ್ ಹಿಡಿಯುವ ಕಾಯಿಲೆ. ಒದ್ದೆ ಬಟ್ಟೆ ಸರಿಯಾದ ಮದ್ದೇ. ಆದರೆ ಪದೇ ಪದೇ ಆಗುತ್ತಿದ್ದರೆ ಪೆಟ್ರೋಲ್ ಪೈಪ್ ಎಲ್ಲಾದರೂ ಸೈಲೆನ್ಸರ್ ಕಡೆಯ ಬಿಸಿಗೆ ಹತ್ತಿರ ಹೋಗಿದೆಯಾ ನೋಡಿ. ರೇಡಿಯೇಟರ್ ಶುಚಿ ಇದೆಯಾ ಅಂತಲೂ ನೋಡಿ.

ಎಥೆನಾಲ್ ವಿಷಯಕ್ಕೆ ಬಂದರೆ, ಹೆದರಿಸುವ ಮಾತು ಬೇಡ, ಆದರೆ ಸುಳ್ಳೂ ಅಲ್ಲ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ಅಂದರೆ ಶೇಕಡಾ 20ರವರೆಗೆ ಎಥೆನಾಲ್. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಕೆಜಿ ಸಾಕು. ಹೊಸ ಗಾಡಿಯಲ್ಲಿ ಸೆನ್ಸರ್ ನೋಡಿ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ. ನಮ್ಮ ಕಾರ್ಬೊರೇಟರಿನ ಜೆಟ್ ಹಿತ್ತಾಳೆಯ ಒಂದು ತೂತು. ಅದಕ್ಕೇನು ಗೊತ್ತಾಗಬೇಕು? ಹಾಗಾಗಿ ಎಂಜಿನ್ನಿಗೆ ಗಾಳಿಯ ಪಾಲು ಸ್ವಲ್ಪ ಜಾಸ್ತಿಯಾಗುತ್ತದೆ. ಟ್ಯೂನಿಂಗ್ ಸರಿ ಇರುವ ಗಾಡಿ ತಡೆದುಕೊಳ್ಳುತ್ತದೆ. ಮೊದಲೇ ಪೆಟ್ರೋಲ್ ಕಡಿಮೆ ಬರುತ್ತಿದ್ದ ಗಾಡಿ ಮಿಸ್ ಹೊಡೆಯುತ್ತದೆ.

ನಾನು ಇದಕ್ಕಿಂತ ಜಾಸ್ತಿ ಚಿಂತೆ ಮಾಡುವುದು ರಬ್ಬರಿನ ಬಗ್ಗೆ. ಆ ಕಾಲದ ಪೈಪು, ಡಯಾಫ್ರಮ್ಮುಗಳು ಎಥೆನಾಲಿಗಾಗಿ ಮಾಡಿದ್ದಲ್ಲ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಸೇರಿ ತಳಕ್ಕೆ ಇಳಿಯಬಹುದು. ಟ್ಯಾಂಕಿನ ಗೋಡೆಗೆ ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ಗಸಿಯನ್ನೂ ಸಡಿಲ ಮಾಡಿ ಫಿಲ್ಟರಿಗೆ ತಂದು ಹಾಕುತ್ತದೆ.

ತೀರ್ಥಹಳ್ಳಿಯಿಂದ

ಅಣ್ಣ, ಸಿಕ್ಕಿತು!

ಬಾಟಲಿ ಪರೀಕ್ಷೆ ಮಾಡಿದೆವು. ತಮ್ಮ ಸೆಲ್ಫ್ ಹೊಡೆದ, ನಾನು ಬಾಟಲಿ ಹಿಡಿದೆ. ನೀವು ಹೇಳಿದ ಹಾಗೇ ಗುಳ್ಳೆ ಗುಳ್ಳೆಯಾಗಿ ಉಗುಳಿತು. ಆಯಿಲಿನಲ್ಲಿ ವಾಸನೆ ಇಲ್ಲ. ಆಮೇಲೆ ಬೇರೆ ಮೆಕ್ಯಾನಿಕ್ ಒಬ್ಬರನ್ನು ಕರೆದು ಗಾಡಿ ಎತ್ತಿಸಿ ಟ್ಯಾಂಕಿನ ಹತ್ತಿರ ನೋಡಿಸಿದೆ. ಕಬ್ಬಿಣದ ಪೈಪಿಗೂ ಟ್ಯಾಂಕಿಗೂ ನಡುವೆ ಗೇಣುದ್ದದ ರಬ್ಬರ್ ಪೈಪ್ ಇದೆ. ನೋಡಲು ಚೆನ್ನಾಗೇ ಇತ್ತು, ಮೇಲೆಲ್ಲ ಕೆಸರು ಹಿಡಿದಿತ್ತು. ಒರೆಸಿ ಬೆರಳಲ್ಲಿ ಬಗ್ಗಿಸಿದರೆ ಬೇಸಿಗೆಯ ಗದ್ದೆ ಬಿರುಕು ಬಿಟ್ಟ ಹಾಗೆ ಬಾಯಿ ತೆರೆಯಿತು. ಕ್ಲಿಪ್ ಹಾಕಿದ ಜಾಗದಲ್ಲಿ ಸೀಳೇ ಬಿಟ್ಟಿತ್ತು. ಫಿಲ್ಟರ್ ಕತ್ತರಿಸಿ ನೋಡಿದೆವು, ಒಳಗೆ ಕಾಫಿ ಚರಟದ ಹಾಗೆ ಕಂದು ಗಸಿ.

ಸದ್ಯಕ್ಕೆ ಅಂಗಡಿಯಲ್ಲಿ ಸಿಕ್ಕಿದ ಪೈಪ್ ಹಾಕಿ, ಫಿಲ್ಟರ್ ಬದಲಿಸಿ, ಇವತ್ತು ಕಾಲು ಟ್ಯಾಂಕಿನಲ್ಲೇ ಘಾಟಿ ಹತ್ತಿಸಿದೆ. ಅಮ್ಮನೂ ಜೊತೆಗಿದ್ದರು. ಹದಿನಾಲ್ಕು ತಿರುವಿನಲ್ಲಿ ಒಂದು ಕಡೆಯೂ ಮಿಸ್ ಹೊಡೆಯಲಿಲ್ಲ. ಮೇಲೆ ಬಂದು ಸೂರ್ಯಾಸ್ತ ನೋಡುವ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ ಅಮ್ಮ ಸುಮ್ನೆ ಡ್ಯಾಶ್‌ಬೋರ್ಡ್ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಇನ್ನು ಏನಾದರೂ ಮಾಡಿಸಬೇಕಾ?

ಉತ್ತರ

ಓದಿ ತುಂಬ ಸಂತೋಷವಾಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಎರಡು ಕೆಲಸ ಬಾಕಿ ಇದೆ. ಒಂದು ಕಡೆ ಪೈಪ್ ಬಿರುಕು ಬಿಟ್ಟಿದೆ ಅಂದರೆ ಅದೇ ವಯಸ್ಸಿನ ಉಳಿದ ಪೈಪುಗಳೂ ಅಷ್ಟೇ. ಪಂಪಿಗೆ ಬರುವುದು, ಪಂಪಿನಿಂದ ಕಾರ್ಬೊರೇಟರಿಗೆ ಹೋಗುವುದು, ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪ್, ಎಲ್ಲವನ್ನೂ ಬದಲಿಸಿ. ಪಂಪಿನಿಂದ ಮುಂದಿನ ಪೈಪ್ ಸೀಳಿದರೆ ಅದು ಗಾಳಿ ಎಳೆಯುವುದಿಲ್ಲ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತದೆ. ಅದನ್ನು ನಾಳೆಗೆ ಇಟ್ಟುಕೊಳ್ಳಬೇಡಿ. ಅಂಗಡಿಯಲ್ಲಿ ಸುಮ್ನೆ 'ಪೆಟ್ರೋಲ್ ಪೈಪ್' ಅಂದರೆ ಯಾವುದಾದರೂ ಕೊಡುತ್ತಾರೆ. ಹಳೇ ತುಂಡು ತೆಗೆದುಕೊಂಡು ಹೋಗಿ ಅಳತೆ ಹೊಂದಿಸಿ, ಮೈ ಮೇಲೆ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಅಂತ ಅಚ್ಚಾಗಿರುವುದನ್ನೇ ಕೇಳಿ. ಅದು ಎಥೆನಾಲ್ ತಡೆಯುತ್ತದೆ. ಈಗ ಟ್ಯಾಂಕಿನ ಹತ್ತಿರ ಹಾಕಿಸಿದ್ದರ ಮೇಲೆ ಆ ಅಚ್ಚು ಇಲ್ಲದಿದ್ದರೆ ಅದನ್ನೂ ಬಿಚ್ಚಿಸಿ. ಸ್ಕ್ರೂ ಕ್ಲಿಪ್ ಬಿಗಿಯುವಾಗ ಹೊಸ ರಬ್ಬರ್ ಕತ್ತರಿಸುವಷ್ಟು ಬಿಗಿಯಬಾರದು.

ಇನ್ನೊಂದು, ಆ ಗಸಿ ಟ್ಯಾಂಕಿನಲ್ಲಿ ಇನ್ನೂ ಇದೆ. 500 ಕಿಲೋಮೀಟರ್ ಓಡಿಸಿ ಫಿಲ್ಟರ್ ಮತ್ತೆ ಬಿಚ್ಚಿ ನೋಡಿ. ಮತ್ತೆ ಕಂದು ಬಣ್ಣ ಕಂಡರೆ ಟ್ಯಾಂಕ್ ಇಳಿಸಿ ತೊಳೆಸಬೇಕಾಗುತ್ತದೆ. ಆಗ ಫಿಲ್ಟರಿನ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.