ಹಿಮಾಲಯ, ಹಿಮಾಲಯಗಳು, ಹಿಮಾಲ್: ಕೈಪಿಡಿಗೆ ಯಾವುದು?

ಚಾರಣದ ಕೈಪಿಡಿಯಲ್ಲಿ ಆ ಪರ್ವತಶ್ರೇಣಿಯ ಹೆಸರು ಹೇಗೆ ಬರೆಯೋದು ಅಂತ ಕೇಳಿದ್ದೀರಿ. ಕೈಪಿಡಿ ನಾಳೆಯೇ ಅಚ್ಚಿಗೆ ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. ‘ಹಿಮಾಲಯ’ ಅಂತ ಹಾಕಿ. ‘ಹಿಮಾಲಯಗಳು’ ಬೇಡ, ಅದು ಇಂಗ್ಲಿಷಿನ ‘ಹಿಮಾಲಯಾಸ್’ ನೋಡಿ ಕಟ್ಟಿದ ಬಹುವಚನ. ಕಾಳಿದಾಸನ ಕುಮಾರಸಂಭವದ ಮೊದಲ ಶ್ಲೋಕದಲ್ಲೇ ‘ಹಿಮಾಲಯೋ ನಾಮ ನಗಾಧಿರಾಜಃ’ ಅಂತಿದೆ, ಗೀತೆಯ 10ನೇ ಅಧ್ಯಾಯದಲ್ಲಿ ‘ಸ್ಥಾವರಾಣಾಂ ಹಿಮಾಲಯಃ’. ಎರಡೂ ಏಕವಚನ. ಹಿಂದಿಯಲ್ಲೂ ನೇಪಾಳಿಯಲ್ಲೂ ಬರೆಯೋದು ಅದೇ ಅಕ್ಷರ. ಹಿಂದಿಯವರ ಬಾಯಲ್ಲಿ ಕೊನೆಯ ಅಕಾರ ಬಿದ್ದು ‘ಹಿಮಾಲಯ್’ ಆಗುತ್ತದೆ, ಅದನ್ನ ನಾವು ಬರಹಕ್ಕೆ ತರಬೇಕಾಗಿಲ್ಲ.

ತೊಡಕು ಜಾಸ್ತಿ ಇರೋದು ನೀವು ಕೇಳದೇ ಬಿಟ್ಟ ಕಡೆ. ಕರಡಿನಲ್ಲಿ ‘ಗಣೇಶ ಹಿಮಾಲಯ’, ‘ಅನ್ನಪೂರ್ಣ ಹಿಮಾಲಯ’ ಅಂತ ಬರೆದಿದ್ದೀರಿ. ಇದು ತಪ್ಪು. ನೇಪಾಳಿಯ ಹೆಸರು ಗಣೇಶ್ ಹಿಮಾಲ್. ‘ಹಿಮಾಲ್’ ಅಲ್ಲಿ ಇಡೀ ಶ್ರೇಣಿಯ ಹೆಸರಲ್ಲ, ಸದಾ ಹಿಮ ಹೊದ್ದ ಯಾವುದೇ ಬೆಟ್ಟಕ್ಕೆ ಅಥವಾ ಬೆಟ್ಟಗಳ ಗುಂಪಿಗೆ ಹೇಳುವ ಮಾತು. ತಮ್ಮ ನಾಡನ್ನೇ ಅವರು ಹಿಮಾಲ್, ಪಹಾಡ್, ತರಾಯಿ ಅಂತ ಮೂರು ಭಾಗ ಮಾಡಿ ಹೇಳುತ್ತಾರೆ. ಪಹಾಡ್ ಅಂದರೆ ನಡುವಿನ ಬೆಟ್ಟಸೀಮೆ, ತರಾಯಿ ಅಂದರೆ ತೆಂಕಣದ ಬಯಲು. ನೀವು ಎಲ್ಲದಕ್ಕೂ ‘ಹಿಮಾಲಯ’ ಅಂತ ಬರೆದರೆ ಈ ವ್ಯತ್ಯಾಸವೇ ಓದುಗರಿಗೆ ಸಿಗೋದಿಲ್ಲ. ಹೆಸರಿನ ಭಾಗವಾಗಿ ಬಂದಾಗ ‘ಹಿಮಾಲ್’ ಅಂತಲೇ ಉಳಿಸಿ, ಬಿಡಿಯಾಗಿ ಬಂದಾಗ ‘ಹಿಮಬೆಟ್ಟ’ ಅನ್ನಿ.

ಇನ್ನು ‘ಹಿಮ + ಮಾಲಾ’ ಸೇರಿ ಹಿಮಾಲ್ ಆಯ್ತು ಅಂತ ಈ ಚರ್ಚೆಯಲ್ಲಿ ಮೇಲೆ ಬರೆದವರಿಗೆ: ಸೇರಿದರೆ ‘ಹಿಮಮಾಲಾ’ ಆಗಬೇಕಿತ್ತು, ಇನ್ನೊಂದು ‘ಮ’ ಎಲ್ಲಿ ಹೋಯ್ತು? ಹಿಮ + ಆಲಯ ಸವರ್ಣದೀರ್ಘ ಸಂಧಿಯಾಗಿ ‘ಹಿಮಾಲಯ’, ಅದರಿಂದಲೇ ‘ಹಿಮಾಲ್’, ಮುಗಿಯಿತು. ಇದನ್ನ ಮತ್ತೆ ಮತ್ತೆ ಎಳೆಯಬೇಡಿ.

ಸಂಸ್ಕೃತದ ಸಹವಾಸವೇ ಬೇಡ, ‘ಮಂಜುಬೆಟ್ಟ’ ಅನ್ನಿ ಅನ್ನೋರ ಕಾಳಜಿ ನನಗೂ ಇದೆ. ಆದರೆ ಇಲ್ಲಿ ಆ ಪದ ಕೆಲಸ ಕೆಡಿಸುತ್ತೆ. ನಮ್ಮಲ್ಲಿ ಮಂಜು ಅಂದ ಕೂಡಲೇ ಬೆಳಗಿನ ಮುಸುಕು ನೆನಪಾಗುತ್ತದೆಯೇ ಹೊರತು ಕಾಲಡಿ ಗಟ್ಟಿಯಾಗಿ ಕೂತ ಹಿಮ ಅಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಕವಿಯೋದು ಮಂಜೇ, ಅಲ್ವಾ? ಚಾರಣಕ್ಕೆ ಹೋಗುವವರು ‘ಮಂಜುಬೆಟ್ಟ’ ಅಂತ ಓದಿ ಅಂಥದ್ದನ್ನೇ ಅಂದುಕೊಂಡರೆ ಹಿಮದ ದಾರಿಗೆ ಬೇಕಾದ ಬೂಟು ಯಾಕೆ ಒಯ್ಯುತ್ತಾರೆ?

‘ಹಿಮಬೆಟ್ಟ’ ಅರಿಸಮಾಸ, ಅಂದರೆ ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಜೋಡಿಪದ, ಅಂತ ಯಾರೋ ಹೇಳೇ ಹೇಳ್ತಾರೆ. ‘ಮಳೆಗಾಲ’ದಲ್ಲಿರೋ ಕಾಲ ಯಾವ ಭಾಷೆಯದು? ಅದನ್ನ ಮೊದಲು ಬಿಡಿ, ಆಮೇಲೆ ಇದಕ್ಕೆ ಬನ್ನಿ.