ವಿಂಡೋಸ್ 11: ಅಪ್ಪನ ಕಂಪ್ಯೂಟರ್‌ಗೆ ಲಾಗಿನ್ ಪಾಸ್‌ವರ್ಡೇ ಬೇಡ, ತೆಗೆಯೋದು ಹೇಗೆ?

ತೋಟದಮನೆ:
ಊರಲ್ಲಿ ಅಪ್ಪ ಅಮ್ಮ ಬಳಸುವ ಡೆಸ್ಕ್‌ಟಾಪ್. ಅಪ್ಪ ನೋಡೋದು ಅಡಿಕೆ ರೇಟು, ಯೂಟ್ಯೂಬು, ಮೊಮ್ಮಕ್ಕಳ ಫೋಟೋ, ಅಷ್ಟೇ. ಆನ್ ಮಾಡಿದಾಗಲೆಲ್ಲ ಪಾಸ್‌ವರ್ಡ್ ಕೇಳುತ್ತೆ, ಕ್ಯಾಪ್ಸ್ ಲಾಕ್ ಒತ್ತಿ ಹೋಗಿರುತ್ತೆ, ತಪ್ಪು ಅನ್ನುತ್ತೆ, ತಕ್ಷಣ ನನಗೆ ಫೋನು. ನೆಟ್‌ಪ್ಲ್‌ವಿಜ್ (netplwiz, ಯೂಸರ್ ಅಕೌಂಟ್‌ಗಳ ಸೆಟ್ಟಿಂಗ್ ವಿಂಡೋ) ತೆರೆದು, ಪಾಸ್‌ವರ್ಡ್ ಹಾಕಲೇಬೇಕು ಅನ್ನೋ ಕಡೆ ಟಿಕ್ ತೆಗೀರಿ ಅಂತ ಎಲ್ಲರೂ ಹೇಳ್ತಾರೆ, ಇಲ್ಲಿ ಆ ಟಿಕ್ ಬಾಕ್ಸೇ ಕಾಣ್ತಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿದೆ.

ಮೌಸ್‌ರಾಯ:
ಸೆಟ್ಟಿಂಗ್ಸ್ → ಅಕೌಂಟ್ಸ್ → ಸೈನ್‌-ಇನ್ ಆಪ್ಷನ್ಸ್‌ಗೆ ಹೋಗಿ. ಮೈಕ್ರೋಸಾಫ್ಟ್ ಅಕೌಂಟ್‌ಗೆ ವಿಂಡೋಸ್ ಹಲೋ (ಪಿನ್, ಬೆರಳಚ್ಚು, ಮುಖ ಬಳಸಿ ಲಾಗಿನ್ ಆಗೋದು) ಮಾತ್ರ ಸಾಕು ಅನ್ನೋ ಸ್ವಿಚ್ ಇದೆ, ಅದನ್ನು ಆಫ್ ಮಾಡಿದರೆ ಬಾಕ್ಸ್ ಬರುತ್ತೆ. ಟಿಕ್ ತೆಗೆದ ಮೇಲೆ ಅದು ಪಾಸ್‌ವರ್ಡ್ ಕೇಳುತ್ತಲ್ಲ, ಅಲ್ಲಿ ಅಕೌಂಟ್‌ನ ನಿಜವಾದ ಪಾಸ್‌ವರ್ಡ್ ಹಾಕಬೇಕು. ಪಿನ್ ಹಾಕಿದರೆ ಕೆಲಸ ಆಗಲ್ಲ, ಜಾಸ್ತಿ ಜನ ಎಡವೋದು ಇಲ್ಲೇ. ಇದರಿಂದ ಪಾಸ್‌ವರ್ಡ್ ಹೋಗಲ್ಲ ಅನ್ನೋದು ನೆನಪಿರಲಿ. ವಿಂಡೋಸೇ ಅದನ್ನು ಇಟ್ಟುಕೊಂಡು ನಿಮ್ಮ ಪರವಾಗಿ ಹಾಕುತ್ತೆ. ಮುಂದೆ ಪಾಸ್‌ವರ್ಡ್ ಬದಲಿಸಿದರೆ ಮತ್ತೆ ಇದೇ ಕೆಲಸ.

ಹಳೇಮಾನಿಟರ್:
ಪೂರ್ತಿ ತೆಗೆಯಬೇಕು ಅಂದ್ರೆ ಲೋಕಲ್ ಅಕೌಂಟ್ (ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು) ಬೇಕು, ಮೈಕ್ರೋಸಾಫ್ಟ್ ಅಕೌಂಟ್‌ಗೆ ಖಾಲಿ ಪಾಸ್‌ವರ್ಡ್ ಇಡೋಕೆ ಆಗಲ್ಲ. ಅದೇ ಅಕೌಂಟ್ಸ್‌ನಲ್ಲಿರೋ ಯುವರ್ ಇನ್ಫೋದಲ್ಲಿ ಲೋಕಲ್‌ಗೆ ಬದಲಿಸಿ, ಹೊಸ ಪಾಸ್‌ವರ್ಡ್ ಕೇಳೋ ಜಾಗ ಖಾಲಿ ಬಿಟ್ಟು ನೆಕ್ಸ್ಟ್ ಒತ್ತಿ. ಅದಕ್ಕೆ ಮೊದಲು ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನ ಮಾಹಿತಿಗೆ ಬೀಗ ಹಾಕೋ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದ್ದರೆ ಆ ಬೀಗ ತೆಗೆಯೋ 48 ಅಂಕಿಯ ರಿಕವರಿ ಕೀ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಇನ್ನೊಂದು ವಿಷಯ, ಪಾಸ್‌ವರ್ಡ್ ಇಲ್ಲದ ಅಕೌಂಟ್‌ನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬರೋಕೆ ವಿಂಡೋಸ್ ಸಾಮಾನ್ಯವಾಗಿ ಬಿಡಲ್ಲ. ನೀವು ಬೆಂಗಳೂರಲ್ಲಿ ಕೂತು ಹಾಗೆ ರಿಪೇರಿ ಮಾಡೋರಾದರೆ ಯೋಚನೆ ಮಾಡಿ.

ತೋಟದಮನೆ:
ಥ್ಯಾಂಕ್ಸ್. ಆದರೆ ಅಮ್ಮನ ಪೆನ್ಷನ್ ಖಾತೆಯ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಅದೇ ಕ್ರೋಮ್‌ನಲ್ಲಿ ಸೇವ್ ಆಗಿದೆ. ತೊಂದರೆ ಆಗುತ್ತಾ?

ಕೀಲಿಕೈ:
ಆಗುತ್ತೆ ಮಾರಾಯ್ರೆ! ಸೇವ್ ಆದ ಪಾಸ್‌ವರ್ಡ್ ತೋರಿಸೋ ಮುಂಚೆ ಕ್ರೋಮ್ ಕೇಳೋದು ವಿಂಡೋಸ್ ಪಾಸ್‌ವರ್ಡನ್ನೇ. ಅದೇ ಇಲ್ಲ ಅಂದ್ರೆ ಪಕ್ಕದ ಮನೆ ಹುಡುಗ ಬಂದು ಕಣ್ಣಿನ ಚಿಹ್ನೆ ಒತ್ತಿದರೂ ಎಲ್ಲ ಕಾಣುತ್ತೆ.

ಈಗಿನ ಅಕೌಂಟ್ ಪಾಸ್‌ವರ್ಡ್ ಸಮೇತ ಹಾಗೇ ಇರಲಿ, ಅಮ್ಮ ಬ್ಯಾಂಕ್ ಕೆಲಸಕ್ಕೆ ಬಳಸಲಿ. ಅಪ್ಪನಿಗೆ ಅಂತಲೇ ಅದರ್ ಯೂಸರ್ಸ್‌ನಲ್ಲಿ ಒಂದು ಲೋಕಲ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಜಾಗ ಖಾಲಿ ಬಿಡಿ, ಸ್ಟ್ಯಾಂಡರ್ಡ್ ಆಗಿಯೇ ಇರಲಿ, ಅಡ್ಮಿನ್ ಮಾಡಬೇಡಿ. ಹೆಸರು ಒತ್ತಿ ಸೈನ್ ಇನ್ ಅಂದರೆ ಒಳಗೆ. ಸುಮ್ನೆ ಏನೋ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋಕೆ ಹೋದರೆ ಬಹುಪಾಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. ಆಗ ನಿಮಗೆ ಫೋನ್ ಬರುತ್ತೆ, ಅದು ಬರಲೇಬೇಕಾದ ಫೋನು ಬಿಡಿ.

ತೋಟದಮನೆ:
ಇದೇ ಸರಿ ಅನ್ನಿಸುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ಮಾಡ್ತೀನಿ, ಫೋನಲ್ಲಿ ಹೇಳಿ ಮಾಡಿಸೋದು ಆಗದ ಮಾತು.