ಕುದಿಯೋ ನೀರಾಗೂ ಉಪ್ಪು ತಳದಾಗ ಉಳೀತು, ಯಾಕ್ರಿ?

ಕಲಬುರಗಿ ತಾಯಿ:
ನಮಸ್ಕಾರ್ರಿ ಎಲ್ಲಾರಿಗೂ. ಮಗಳು 9ನೇ ಕ್ಲಾಸ್ ಅದಾಳ, ನಿನ್ನಿ ಇಬ್ರೂ ಅಡಗಿ ಮನ್ಯಾಗ ಕುಂತು ಎರಡು ಗ್ಲಾಸಿಗೆ 100 ಎಂಎಲ್ ಬಿಸಿನೀರು ಹಾಕಿ ಒಂದ್ರಾಗ ಸಕ್ರಿ ಇನ್ನೊಂದ್ರಾಗ ಉಪ್ಪು ಚಮಚ ಚಮಚ ಹಾಕ್ಕೋತ ಹೋದ್ವಿ. ಸಕ್ರಿ ಹಾಕಿದಷ್ಟೂ ಕರಗ್ತು, ಉಪ್ಪು ಮಾತ್ರ ಏಳನೇ ಚಮಚಕ್ಕ ತಳ ಹಿಡಿದು ಕುಂತದ, ಮತ್ತ ಕಾಸಿದ್ರೂ ಕರಗವಲ್ದು. ಬಿಸಿ ಮಾಡಿದ್ರ ಎಲ್ಲಾ ಜಾಸ್ತಿ ಕರಗ್ತಾವ ಅಂತ ನಾನೂ ಓದಿದ್ದೆ, ಆಕಿ ಯಾಕವ್ವಾ ಅಂದ್ರ ಹೇಳಲಿಕ್ಕ ಬರಲಿಲ್ಲ.

ಸೇಡಂ ಮಾಸ್ತರ:
ಅಕ್ಕಾರ, ನೀವು ಮಾಡಿದ್ದು ಬರೋಬ್ಬರಿ ಅದ. 100 ಗ್ರಾಂ ನೀರು 20 ಡಿಗ್ರಿ ಇದ್ದಾಗ ಉಪ್ಪು 36 ಗ್ರಾಂ ಹಿಡೀತದ, 100 ಡಿಗ್ರಿಗೂ ಬರೇ 39ರ ಹತ್ರ. ಸಕ್ರಿ 200 ಇದ್ದದ್ದು 480 ದಾಟ್ತದ, ಪೊಟ್ಯಾಷಿಯಂ ನೈಟ್ರೇಟ್ ಅಂತೂ 32ರಿಂದ ಸುಮಾರು 245ಕ್ಕ ಹೋಗ್ತದ. ಯಾವ ವಸ್ತು ಅನ್ನೋದ್ರ ಮ್ಯಾಲ ಅದ ಎಲ್ಲಾ. ಮಗಳಿಗಿ ಒಂದು ಬಿಡಿಸಿ ಹೇಳ್ರಿ, ಲಗೂನ ಕರಗೋದು ಬ್ಯಾರೆ, ಜಾಸ್ತಿ ಕರಗೋದು ಬ್ಯಾರೆ. ಬಿಸಿನೀರಾಗ ಕಣಗಳು ಜೋರು ಓಡಾಡ್ತಾವ ಅದಕ್ಕ ಉಪ್ಪು ಲಗೂನ ಕರಗ್ತದ, ಚಮಚ ತಿರುವಿದ್ರೂ ಪುಡಿ ಮಾಡಿದ್ರೂ ಹಂಗೇ, ಆದ್ರ ನೀರು ಹಿಡಿಯೋ ಅಳತಿ ತಿರುವಿದ್ರ ಹೆಚ್ಚಾಗಂಗಿಲ್ಲ. ಇನ್ನ ಹಿಡಿಯಂಗಿಲ್ಲ ಅನ್ನೋ ಆ ನೀರಿಗೇ ಪುಸ್ತಕದಾಗ ಪರ್ಯಾಪ್ತ ದ್ರಾವಣ ಅಂತಾರ. ನಮ್ಮ ಹುಡುಗ್ರು ಪರೀಕ್ಷಾದಾಗ ಎಡವೋದು ಇಲ್ಲೇ ನೋಡ್ರಿ, ನನಗ ಭಾಳ ಬ್ಯಾಸರ ಆಗ್ತದ.

ಶಹಾಪುರ ರೈತ:
ಮಾಸ್ತರ್ರ, ಯೂರಿಯಾ ನೀರಾಗ ಕಲಸಿದ್ರ ಬಕೀಟು ಥಣ್ಣಗ ಹತ್ತತದಲ್ರಿ, ಅದಕ್ಕೂ ಇದಕ್ಕೂ ಸಂಬಂಧ ಅದ ಏನು?

ಸೇಡಂ ಮಾಸ್ತರ:
ಖರೇ ಅದ ಅಣ್ಣಾ. ಯೂರಿಯಾ ಕರಗುವಾಗ ನೀರಿನ್ಯಾಗಿನ ಬಿಸಿ ಎಳ್ಕೋತದ, ಅದಕ್ಕೇ ಬಿಸಿ ಕೊಟ್ರ ಇನ್ನಾ ಜಾಸ್ತಿ ಕರಗ್ತದ. ಸುಣ್ಣದ್ದು ಉಲ್ಟಾ, ಕರಗುವಾಗ ಬಿಸಿ ಬಿಡ್ತದ, ಪೂರಾ ಪರ್ಯಾಪ್ತ ಆದ ತಿಳಿಸುಣ್ಣದ ನೀರು ಕಾಸಿದ್ರ ಮಬ್ಬಾಗ್ತದ.

ಬೀದರ ಹುಡುಗ:
ಗಾಳಿದೂ ಉಲ್ಟಾನೇ ಸರ್. ಆಕ್ಸಿಜನ್ 20 ಡಿಗ್ರಿ ನೀರಾಗ ಲೀಟರಿಗಿ 9 ಮಿಲಿಗ್ರಾಂ ಇದ್ರ 40 ಡಿಗ್ರಿಗೆ 6.4ರ ಹತ್ರ ಬರ್ತದ. ಬ್ಯಾಸಗಿಯಾಗ ಕೆರಿ ಮೀನ ಮ್ಯಾಲ ಬಂದು ಬಾಯಿ ತೆರಿತಾವಲ್ಲ, ನೋಡಿದ್ರ ಜೀವ ಚುರ್ ಅಂತದ.

ಕಲಬುರಗಿ ತಾಯಿ:
ಎಲ್ಲಾರಿಗೂ ಉಪಕಾರ ಆಯ್ತು. ಇವತ್ತ ಸಂಜಿಗಿ ತೂಕದ ಮಷೀನ್ ಇಟಗೊಂಡು 36 ಗ್ರಾಂ ಉಪ್ಪು ಥಣ್ಣೀರಾಗೇ ಹಾಕಿ ನೋಡ್ತೀವಿ, ಮಗಳು ಈಗಲೇ ಗ್ಲಾಸ್ ತೊಳದಿಟ್ಟಾಳ.